ಅಕ್ಕಿ ಆರಿಸುತ್ತಿದ್ದವರೇ ಸಾರ್ಟೆಕ್ಸ್ ನಡೆಸಿದರು

ದಾವಣಗೆರೆ ಸುತ್ತಮುತ್ತ ಭದ್ರಾ ನಾಲೆಯ ನೀರು ಹರಿಯುವ ಕಡೆಯೆಲ್ಲ ಭತ್ತ. ಭತ್ತ ಇದ್ದಲ್ಲಿ ಅಕ್ಕಿ ಗಿರಣಿ. ಅಂಥ ಒಂದು ಗಿರಣಿಯಲ್ಲಿ ನಾನು ಮೇಲ್ವಿಚಾರಕ. ಬಣ್ಣ ನೋಡಿ ಅಕ್ಕಿ ಬೇರೆ ಮಾಡುವ ಮಿಷಿನ್, ಅಂದರೆ ನಾವೆಲ್ಲ ಸಾರ್ಟೆಕ್ಸ್ ಅನ್ನುವುದು, ತರಿಸಬೇಕೆಂದು ಮಾಲೀಕರು ತೀರ್ಮಾನಿಸಿದ ಮೇಲೆ ಕೆಲಸಗಾರರಿಗೆ ಹೊಸ ಕೆಲಸ ಕಲಿಸುವುದೇ ನನ್ನ ದೊಡ್ಡ ಜವಾಬ್ದಾರಿಯಾಯಿತು. ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ. ಸಣ್ಣ ಗಿರಣಿ, ಸಣ್ಣ ಕಾರ್ಖಾನೆ ನಡೆಸುವವರಿಗೆ ಉಪಯೋಗವಾಗಬಹುದು.

ಅಲ್ಲಿಯವರೆಗೆ ನಮ್ಮಲ್ಲಿ ಹೆಣ್ಣುಮಕ್ಕಳು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಕರಿ ಕಾಳು, ಹಳದಿ ಕಾಳು, ಹೊಟ್ಟು ಬಿಡದ ಭತ್ತ, ಕಲ್ಲು. ಮಿಷಿನ್ ಬರುವ ಸುದ್ದಿ ಕಿವಿಗೆ ಬಿದ್ದ ದಿನವೇ ಒಬ್ಬ ಹಿರಿಯ ಅಕ್ಕ ನೇರವಾಗಿ ಕೇಳಿದರು: "ಸಾರ್, ಅದು ಬಂದ ಮ್ಯಾಲೆ ನಮಗೇನು ಕೆಲ್ಸ?"

ಈ ಪ್ರಶ್ನೆಗೆ ಉತ್ತರ ಕೊಡದೆ ಯಾವ ತರಬೇತಿಯೂ ನಡೆಯುವುದಿಲ್ಲ. ನಮ್ಮ ಊರಿನಲ್ಲಂತೂ ಇಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಹತ್ತಿ ಗಿರಣಿಗಳು ನಿಂತಾಗ ಮನೆಗಳು ಏನಾದವು ಅನ್ನುವುದು ಇಲ್ಲಿನವರಿಗೆ ಗೊತ್ತು. ಹಾಗಾಗಿ ಮಾಲೀಕರ ಹತ್ತಿರ ಮೊದಲು ಮೂರು ಮಾತು ಒಪ್ಪಿಸಿಕೊಂಡೆ. ಮಿಷಿನ್ ಬಂತು ಅನ್ನುವ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ. ಕಲಿಯುವ ಹೊತ್ತಿಗೂ ಪೂರ್ತಿ ಕೂಲಿ. ಕಲಿತು ಮಿಷಿನ್ ಮುಂದೆ ನಿಂತವರಿಗೆ ಕೂಲಿ ಹೆಚ್ಚು. ಇದನ್ನು ಅವರೇ ಬಂದು ಎಲ್ಲರ ಮುಂದೆ ಹೇಳಿದರು. ನಾನು ಹೇಳಿದ್ದರೆ ಅಷ್ಟು ತೂಕ ಇರುತ್ತಿರಲಿಲ್ಲ.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿ ಅಂತ ಒಂದಿದೆ. ಕೆಲಸದಿಂದ ಕಡಿತ ಮಾಡಿದ ಪ್ರತಿ ಕಾರ್ಮಿಕನಿಗಾಗಿ ಮಾಲೀಕರು 15 ದಿನದ ಕೂಲಿಯಷ್ಟು ಹಣವನ್ನು ಅದಕ್ಕೆ ಕಟ್ಟಬೇಕು. ಅದು ಒಳ್ಳೆಯದೇ. ಆದರೆ ಕೆಲಸಗಾರರನ್ನು ಮನೆಗೆ ಕಳಿಸುವ ಬದಲು ನಮ್ಮಲ್ಲೇ ಇಟ್ಟುಕೊಂಡು, ಆ 15 ದಿನದ ಕೂಲಿಯಷ್ಟು ಹಣವನ್ನು ಅವರಿಗೆ ಕಲಿಸಲು ಖರ್ಚು ಮಾಡಿದರೆ ಎಷ್ಟೋ ಮೇಲು ಅಲ್ವಾ?

ಕಲಿಕೆಗೆ ಸುಗ್ಗಿಯಿಲ್ಲದ ಹೊತ್ತನ್ನು ಆರಿಸಿಕೊಂಡೆವು. ಮುಂಗಾರಿನ ಭತ್ತ ಬರಲು ಶುರುವಾದರೆ ಗಿರಣಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಲೋಡು ಕಮ್ಮಿ. ಆಗ ಮಿಷಿನ್ ನಿಲ್ಲಿಸಿ, ಬಿಚ್ಚಿ, ತೋರಿಸಿ, ಮತ್ತೆ ಓಡಿಸಬಹುದು. ಭಾನುವಾರ ಕರೆಸಿ ಕೂರಿಸುವುದಕ್ಕೆ ನಾನು ಒಪ್ಪಲೇ ಇಲ್ಲ. ಭಾನುವಾರ ಅವರ ಮನೆಯ ದಿನ.

ಮಿಷಿನ್ ಕೂಡಿಸಲು ಬಂದ ಕಂಪನಿ ಎಂಜಿನಿಯರ್ ಚುರುಕು ಹುಡುಗ. ಆದರೆ ಅವನ ಮಾತು ಹಿಂದಿ, ಪರದೆಯ ಮೇಲಿನ ಅಕ್ಷರ ಇಂಗ್ಲಿಷ್. ಅವನು ನನಗೆ ಹೇಳಿಕೊಟ್ಟ. ನಾನು ಪರದೆಯನ್ನು ಬದಿಗಿಟ್ಟು ಒಂದು ತಟ್ಟೆ ಅಕ್ಕಿಯಿಂದ ಶುರು ಮಾಡಿದೆ. "ಇದರಲ್ಲಿ ಬೇಡದ್ದನ್ನೆಲ್ಲ ತೆಗೆದು ಗುಂಪು ಮಾಡಿ" ಅಂದೆ. ಅವರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗುಂಪು ಮಾಡಿಬಿಟ್ಟರು. ಕರಿದು ಒಂದು ಕಡೆ, ಹಳದಿ ಒಂದು ಕಡೆ, ಸುಣ್ಣದ ಹಾಗೆ ಬೆಳ್ಳಗಿರುವ ಕಾಳು ಇನ್ನೊಂದು ಕಡೆ. ಆಮೇಲೆ ಹೇಳಿದೆ: ಮಿಷಿನ್ನಿನ ಕ್ಯಾಮೆರಾ ಮಾಡುವುದೂ ಇದನ್ನೇ. ಅಕ್ಕಿ ಮೇಲಿನಿಂದ ಜಾರಿ ಬೀಳುವಾಗ ಅದು ನೋಡುತ್ತದೆ. ಬೇಡದ ಕಾಳು ಕಂಡರೆ ಸಣ್ಣ ತೂತಿನಿಂದ ಗಾಳಿ ಊದಿ ಆಚೆ ತಳ್ಳುತ್ತದೆ. ಯಾವುದು ಬೇಡ ಅಂತ ಅದಕ್ಕೆ ಹೇಳಬೇಕಾದವರು ನೀವು.

ಅಲ್ಲಿಂದ ದಾರಿ ಸಲೀಸಾಯಿತು. ಪರದೆಯ ಬಟನ್ನುಗಳಿಗೆ ಅವರು ಮಾಡಿದ ಗುಂಪಿನ ಹೆಸರುಗಳನ್ನೇ ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿದೆವು.

ಕಷ್ಟವಾಗಿದ್ದು ಶೇಕಡಾ ಲೆಕ್ಕ. ಮಿಷಿನ್ ತುಂಬಾ ಸೂಕ್ಷ್ಮ ಇಟ್ಟರೆ ಕೆಟ್ಟದ್ದರ ಜೊತೆ ಒಳ್ಳೆ ಅಕ್ಕಿಯೂ ಆಚೆ ಹೋಗುತ್ತದೆ, ನಷ್ಟ. ಸಡಿಲ ಬಿಟ್ಟರೆ ಕರಿ ಕಾಳು ಚೀಲಕ್ಕೆ ಬರುತ್ತದೆ, ಬೆಲೆ ಇಳಿಯುತ್ತದೆ. ಎಷ್ಟು ಹೋಗುತ್ತಿದೆ, ಎಷ್ಟು ಉಳಿಯುತ್ತಿದೆ ಅಂತ ಅಳೆಯದೆ ಸೆಟ್ಟಿಂಗ್ ಮುಟ್ಟುವಂತಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಶೇಕಡಾ ಅಂದರೆ ಭಯ. ಅದಕ್ಕೆ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟೆವು. ಆಚೆ ಬಿದ್ದ ಅಕ್ಕಿಯಲ್ಲಿ ಸರಿಯಾಗಿ 100 ಗ್ರಾಂ ತೆಗೆದುಕೊಳ್ಳಿ. ಅದರಲ್ಲಿ ಒಳ್ಳೆಯದನ್ನು ಆರಿಸಿ ತೂಗಿ. 30 ಗ್ರಾಂ ಬಂದರೆ ಅದೇ ಶೇಕಡಾ 30. ಭಾಗಿಸುವುದೂ ಇಲ್ಲ, ಗುಣಿಸುವುದೂ ಇಲ್ಲ. ಪ್ರತಿ ಗಂಟೆಗೆ ಒಮ್ಮೆ ತೂಗಿ ಗೋಡೆಯ ಪಟ್ಟಿಯಲ್ಲಿ ಬರೆಯುವುದು ರೂಢಿಯಾಯಿತು. ನಾನು ಕಲಿಸಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ.

ಹಳೆ ಅಕ್ಕಿಯ ಲಾಟ್ ಬಂದಾಗ ಅವರ ಅನುಭವದ ಬೆಲೆ ಏನು ಅಂತ ಎಲ್ಲರಿಗೂ ಗೊತ್ತಾಯಿತು. ದಾಸ್ತಾನಿಟ್ಟ ಅಕ್ಕಿ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಅದು ಕೆಟ್ಟ ಅಕ್ಕಿಯಲ್ಲ. ಹಳೆ ಸೋನಾ ಮಸೂರಿಗೆ ಬೆಲೆಯೂ ಜಾಸ್ತಿ. ಹೊಸ ಅಕ್ಕಿಯ ಸೆಟ್ಟಿಂಗಿನಲ್ಲೇ ಬಿಟ್ಟರೆ ಮಿಷಿನ್ ಅದನ್ನೆಲ್ಲ ಆಚೆ ತಳ್ಳುತ್ತದೆ. ಮೊದಲು ಪ್ರಶ್ನೆ ಕೇಳಿದ್ದ ಆ ಅಕ್ಕನೇ ಹಾಪರಿನಿಂದ, ಅಂದರೆ ಅಕ್ಕಿ ಸುರಿಯುವ ತೊಟ್ಟಿಯಿಂದ, ಒಂದು ಹಿಡಿ ಅಕ್ಕಿ ತೆಗೆದು ನೋಡಿ, "ಇದು ಹಳೇದು, ಹಳದಿ ಸಡಿಲ ಮಾಡ್ರಿ" ಅಂದರು. ನಮ್ಮ ಗಿರಣಿಯಲ್ಲೇ ಇರುವ, ಡಿಪ್ಲೊಮಾ ಓದಿದ ಹುಡುಗನಿಗೆ ಅದು ಹೊಳೆದಿರಲಿಲ್ಲ. ಅವತ್ತಿನಿಂದ ಅವನು ಅವರ ಜೊತೆಗೇ ನಿಲ್ಲುತ್ತಾನೆ. ಗಾಳಿ ಒತ್ತಿ ಕೊಡುವ ಕಂಪ್ರೆಸರಿನಲ್ಲಿ ಸೇರಿದ ನೀರು ಬಿಡುವುದು, ತವುಡಿನ ಧೂಳು ಕೂತ ಗಾಜು ಒರೆಸುವುದು, ಗಾಳಿ ಬಾರದ ತೂತನ್ನು ಸದ್ದಿನಿಂದ ಪತ್ತೆ ಮಾಡುವುದು ಅವನು ಅವರಿಗೆ ಕಲಿಸಿದ. ಅಕ್ಕಿ ನೋಡುವುದನ್ನು ಅವರು ಅವನಿಗೆ ಕಲಿಸಿದರು.

ಇದೇ ದಾರಿಯನ್ನು ಭತ್ತ ಇಳಿಸಿಕೊಳ್ಳುವ ಕಡೆಯೂ ಹಿಡಿದೆ. ಅಲ್ಲಿ ಒಬ್ಬ ಹಿರಿಯರಿದ್ದಾರೆ. ಕಾಳು ಕಚ್ಚಿ ನೋಡಿ ತೇವ ಹೇಳುವವರು. ತೇವ ನೋಡುವ ಮೀಟರ್ ತಂದಾಗ ಅವರ ಮುಖ ಸಣ್ಣದಾಯಿತು. ಕಚ್ಚಿ ನೋಡುವುದನ್ನು ನಿಲ್ಲಿಸಬೇಡಿ ಅಂದೆ. ಮೊದಲು ಕಚ್ಚಿ ನೋಡಿ ಒಂದು ಅಂಕಿ ಹೇಳಿ, ಆಮೇಲೆ ಮೀಟರ್ ನೋಡೋಣ. ತೇವ ಶೇಕಡಾ 14ರ ಆಸುಪಾಸಿನಲ್ಲಿದ್ದರೆ ಅವರ ಅಂದಾಜು ಮೀಟರಿಗೆ ಬಹಳ ಹತ್ತಿರ ಬರುತ್ತಿತ್ತು. ತೇವ ಜಾಸ್ತಿ ಇರುವ ಭತ್ತದಲ್ಲಿ ಸ್ವಲ್ಪ ದೂರ ಹೋಗುತ್ತಿತ್ತು. ಅವರೇ ಅದನ್ನು ಕಂಡುಕೊಂಡರು, ಅವರೇ ಮೀಟರ್ ಬೇಕು ಅಂದರು. ಒಣಗಿಸಿದ ಬಿಸಿ ಭತ್ತಕ್ಕೆ ಮೀಟರ್ ಸರಿಯಾದ ಅಂಕಿ ಕೊಡುವುದಿಲ್ಲ, ಆರಿದ ಮೇಲೆ ಹಾಕಬೇಕು ಅಂತ ಈಗ ಹೊಸಬರಿಗೆ ಹೇಳುವವರೂ ಅವರೇ.

ಆಫೀಸಿನ ಕಲಿಕೆ ಬೇರೆ ಥರದ್ದು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಪೇಟೆಯಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿದ್ದು ಅದಕ್ಕೇ. ಗುಮಾಸ್ತರಿಗೆ ನಿಯಮ ಓದಿಸುವುದಕ್ಕಿಂತ ಎರಡು ಚೀಲ ಎದುರಿಗಿಟ್ಟು ಎರಡು ಬಿಲ್ ಮಾಡಿಸಿದ್ದು ಬೇಗ ತಲೆಗೆ ಹೋಯಿತು.

ಎಲ್ಲರೂ ಮಿಷಿನ್ ಮುಂದೆ ನಿಲ್ಲಲಿಲ್ಲ. ಸಾರ್ಟೆಕ್ಸಿಗೆ ಒಂದು ಪಾಳಿಗೆ ಬೇಕಾಗುವುದೇ ಕೆಲವರು. ಉಳಿದವರು ಸ್ಯಾಂಪಲ್ ನೋಡುವ ಟೇಬಲ್ಲಿಗೆ, ಚೀಲ ಹೊಲಿಯುವ ಮಿಷಿನ್ನಿಗೆ ಹೋದರು. ಕೆಲವರು ಚನ್ನಗಿರಿ ಕಡೆ ಅಡಿಕೆ ಸುಲಿಯಲು ಹೋದರು. ಕೊಯ್ಲಿನ ಹೊತ್ತಿನಲ್ಲಿ ಅಲ್ಲಿ ಕೂಲಿ ಚೆನ್ನಾಗಿ ಸಿಗುತ್ತದೆ. ಅವರನ್ನು ತಡೆಯಲು ನನಗೆ ಮನಸ್ಸಾಗಲಿಲ್ಲ. ತಿರುಗಿ ಬಂದರೆ ಕೆಲಸ ಇದೆ ಅಂತ ಹೇಳಿ ಕಳಿಸಿದೆವು, ಬಂದವರಿಗೆ ಕೊಟ್ಟೆವು. ವಯಸ್ಸಾದ ಒಬ್ಬರು "ನನಗೆ ಮೊರವೇ ಸಾಕು" ಅಂದರು. ಮಿಷಿನ್ ಆಚೆ ತಳ್ಳಿದ ಅಕ್ಕಿಯನ್ನು ಅವರು ಇನ್ನೊಮ್ಮೆ ಕೈಯಲ್ಲಿ ಆರಿಸುತ್ತಾರೆ. ಕಲಿಯಲೇಬೇಕು ಅಂತ ಯಾರ ತಲೆಯ ಮೇಲೂ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಸುಮ್ನೆ ಸರ್ಟಿಫಿಕೇಟಿಗಾಗಿ ಮಾಡುವ ತರಬೇತಿಯ ಮೇಲೆ ನನಗೆ ನಂಬಿಕೆ ಕಮ್ಮಿ. ಆದರೆ ಹೊಟ್ಟು ಉರಿಸಿ ಆವಿ ಮಾಡುವ ಬಾಯ್ಲರ್ ವಿಷಯ ಬೇರೆ. ಅಲ್ಲಿ ಜೀವದ ಪ್ರಶ್ನೆ. ಕಾನೂನಿನ ಪ್ರಕಾರ ಅಟೆಂಡೆಂಟ್ ಪರೀಕ್ಷೆ ಪಾಸಾದವರೇ ಅದನ್ನು ನೋಡಿಕೊಳ್ಳಬೇಕು. ಹೊಟ್ಟು ಹಾಕುವ ಕೆಲಸದಲ್ಲಿರುವ ಇಬ್ಬರು ಹುಡುಗರು ಆ ಪರೀಕ್ಷೆಗೆ ಕೂರುತ್ತೇವೆ ಅಂತ ತಾವಾಗಿಯೇ ಬಂದು ಕೇಳಿದ್ದಾರೆ. ನೀರಿನ ಮಟ್ಟ ತೋರಿಸುವ ಗಾಜು, ಸೇಫ್ಟಿ ವಾಲ್ವ್, ತಳದ ಕೊಳೆ ನೀರು ಬಿಡುವ ಬ್ಲೋಡೌನ್, ನೀರು ತುಂಬುವ ಫೀಡ್ ಪಂಪ್. ಪಾಳಿ ಶುರುವಾಗುವ ಮುಂಚೆ ದಿನಕ್ಕೊಂದನ್ನು ಹಿಡಿದು ನಮ್ಮ ಅಟೆಂಡೆಂಟ್ ಹೇಳಿಕೊಡುತ್ತಿದ್ದಾರೆ. ಪರೀಕ್ಷೆಯ ಫೀಸು, ಹೋಗಿಬರುವ ಖರ್ಚು, ಆ ದಿನಗಳ ಕೂಲಿ ಗಿರಣಿಯದ್ದು.