ಟರ್ನ್ ಬೇಸ್ಡ್ ಆಟ ಬೋರ್ ಅನ್ನುವವರು ಅದನ್ನು ಇಷ್ಟಪಡುವುದು ಹೇಗೆ

ಬೆಂಗಳೂರಿನಲ್ಲಿ ಗೇಮ್ ಆಡಿಕೊಂಡು ಬೆಳೆದ ತುಂಬಾ ಜನರ ಕೈ ಶೂಟರ್ ಆಟಗಳಲ್ಲೇ ಪಳಗಿದೆ. ಮೊದಲು ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್. ಆಮೇಲೆ ಫೋನಿನಲ್ಲಿ ಪಬ್‌ಜಿ, ಅದು 2020ರಲ್ಲಿ ಬ್ಯಾನ್ ಆದ ಮೇಲೆ 2021ರಲ್ಲಿ ಬಂದ ಅದರ ಭಾರತದ ಆವೃತ್ತಿ ಬಿಜಿಎಂಐ. ನಾನೂ ಅದೇ ದಾರಿಯಲ್ಲಿ ಬಂದೆ. ಇಂಥ ಕೈಗೆ ಟರ್ನ್ ಬೇಸ್ಡ್ ಆಟ, ಅಂದರೆ ಚೆಸ್‌ನಂತೆ ಒಬ್ಬರಾದ ಮೇಲೆ ಒಬ್ಬರು ಸರದಿ (ಟರ್ನ್) ಪ್ರಕಾರ ಆಡುವ ಆಟ ಕೊಟ್ಟರೆ ಮೊದಲು ಬರುವ ಮಾತು, "ಇದೇನಿದು, ಅವನು ಹೊಡೆದು ಮುಗಿಸೋವರೆಗೂ ನಾನು ನಿಂತು ನೋಡ್ಬೇಕಾ?" ಆ ಕಿರಿಕಿರಿ ನಿಜವಾದದ್ದೇ. ಆದರೆ ಅದನ್ನು ದಾಟಬಹುದು. ದಾಟಿದ ಮೇಲೆ ಸಿಗುವ ಆಟಗಳು ತುಂಬಾ ಚೆನ್ನಾಗಿವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೊಗಳಿದರು ಅಂತ ಸೇಲ್‌ನಲ್ಲಿ ದೊಡ್ಡ ಆಟವೊಂದನ್ನು ಕೊಂಡು ನೇರ ಅದರೊಳಗೆ ಧುಮುಕಬೇಡಿ. ವಾರಗಟ್ಟಲೆ ಆಡಬೇಕಾದ ಆಟ ಮೊದಲ ಪರಿಚಯಕ್ಕೆ ಆಗುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಒಂದು ಕಾಳಗ ಮುಗಿಯುವಂಥದ್ದು ಬೇಕು.

ಯಾವುದು ಹಿಡಿಸಲಿಲ್ಲ ಅಂತ ಸರಿಯಾಗಿ ಹುಡುಕಿ

"ಬೋರ್" ಅನ್ನುವುದು ಉತ್ತರವಲ್ಲ. ಯಾವ ನಿಮಿಷದಲ್ಲಿ ಬೋರ್ ಆಯಿತು, ಆಗ ಸ್ಕ್ರೀನ್ ಮೇಲೆ ಏನು ನಡೆಯುತ್ತಿತ್ತು ಅಂತ ನೆನಪಿಸಿಕೊಳ್ಳಿ. ಎದುರಾಳಿಯ ಸರದಿಯಲ್ಲಿ ಸುಮ್ನೆ ಕಾಯುವುದು ಬೇಜಾರಾಯಿತಾ? ಹತ್ತು ಬಟನ್ ಇದ್ದವು, ಯಾವುದನ್ನು ಒತ್ತಬೇಕು ಅಂತ ತಿಳಿಯಲಿಲ್ಲವಾ? ತಾಗುವ ಸಾಧ್ಯತೆ ಶೇ 90 ಅಂತ ತೋರಿಸಿದ ಗುಂಡು ಗುರಿ ತಪ್ಪಿತು ಅಂತ ಸಿಟ್ಟು ಬಂತಾ? ಅಥವಾ ಕೈಗೆ ಕೆಲಸವೇ ಇಲ್ಲ ಅನಿಸಿತಾ? ಇವು ಒಂದೊಂದೂ ಬೇರೆ ತೊಂದರೆ, ಒಂದೊಂದಕ್ಕೂ ಬೇರೆ ಆಟ ಮದ್ದು. ತುಂಬಾ ಜನ ಒಂದು ಆಟದ ಒಂದು ಕಾಟಕ್ಕೆ ಬೇಸತ್ತು ಇಡೀ ಬಗೆಯನ್ನೇ ಬಿಟ್ಟುಬಿಡುತ್ತಾರೆ.

ಕಾಯುವುದು ನಿಮ್ಮ ತೊಂದರೆಯಾದರೆ ಇನ್‌ಟು ದ ಬ್ರೀಚ್‌ನಿಂದ ಶುರು ಮಾಡಿ. 2018ರ ಆಟ. ಎಂಟು ಅಡ್ಡ, ಎಂಟು ಉದ್ದ, ಚೆಸ್ ಬೋರ್ಡಿನಷ್ಟೇ ಮನೆಗಳು. ನಿಮ್ಮ ಹತ್ತಿರ ಮೂರು ಯಂತ್ರಗಳು, ಎದುರಿಗೆ ನೆಲದಿಂದ ಏಳುವ ದೊಡ್ಡ ಹುಳಗಳು. ಇದರ ವಿಶೇಷ ಏನೆಂದರೆ, ಹುಳ ಮುಂದೆ ಯಾವ ಮನೆಗೆ ಹೊಡೆಯುತ್ತದೆ ಅಂತ ಆಟ ನಿಮಗೆ ಮೊದಲೇ ತೋರಿಸುತ್ತದೆ. ಏನೂ ಮುಚ್ಚಿಟ್ಟಿಲ್ಲ. ಹುಳವನ್ನು ಕೊಲ್ಲಲೇಬೇಕು ಅಂತಲೂ ಇಲ್ಲ, ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಅದರ ಏಟು ನೀವು ಕಾಪಾಡಬೇಕಾದ ಕಟ್ಟಡದ ಬದಲು ಇನ್ನೊಂದು ಹುಳಕ್ಕೆ ಬೀಳಬಹುದು. ಎರಡು ನಿಮಿಷ ಬೋರ್ಡನ್ನೇ ನೋಡುತ್ತಾ "ಇದು ಆಗಲ್ಲ, ಮುಗೀತು" ಅಂದುಕೊಂಡಿರುತ್ತೀರಿ, ಇದ್ದಕ್ಕಿದ್ದಂತೆ ಒಂದು ತಳ್ಳಾಟದಲ್ಲಿ ಮೂರು ಕಡೆಯ ಅಪಾಯ ತಪ್ಪುವ ದಾರಿ ಕಾಣುತ್ತದೆ. ಈ ಬಗೆಯ ಆಟಗಳ ಖುಷಿ ಇರುವುದೇ ಅಲ್ಲಿ. ಕಾಳಗ ಸಾಮಾನ್ಯವಾಗಿ ನಾಲ್ಕೈದು ಟರ್ನ್‌ಗೆ ಮುಗಿಯುತ್ತದೆ, ಎದುರಾಳಿಯ ಸರದಿ ಕೆಲವು ಸೆಕೆಂಡಷ್ಟೇ. ಒಂದು ಕಾಳಗಕ್ಕೆ ಒಂದು ಸಲ ಇಡೀ ಟರ್ನ್ ವಾಪಸ್ ತೆಗೆದುಕೊಳ್ಳುವ ಅವಕಾಶವೂ ಇದೆ, ಅದನ್ನು ನಾಚಿಕೆಯಿಲ್ಲದೆ ಬಳಸಿ.

ಕೈಗೆ ಕೆಲಸ ಬೇಕೇ ಬೇಕು ಅನ್ನುವವರಿಗೆ 2025ರಲ್ಲಿ ಬಂದ ಕ್ಲೇರ್ ಓಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಒಳ್ಳೆಯ ಸೇತುವೆ. ಸರದಿ ಪ್ರಕಾರವೇ ಜಗಳ ನಡೆಯುತ್ತದೆ, ಆದರೆ ಎದುರಾಳಿ ಹೊಡೆಯುವಾಗ ನೀವು ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಪ್ಪಿಸಿಕೊಳ್ಳಬಹುದು, ಇಲ್ಲವೇ ಏಟು ತಡೆದು ತಿರುಗಿ ಹೊಡೆಯಬಹುದು. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಮಾತ್ರ ಚೆನ್ನಾಗಿರಬೇಕು.

ಏನು ಮಾಡಬೇಕೆಂದೇ ಗೊತ್ತಾಗಲಿಲ್ಲ ಅನ್ನುವವರು ದುಡ್ಡು ಖರ್ಚು ಮಾಡುವುದೇ ಬೇಡ. ಬ್ಯಾಟಲ್ ಫಾರ್ ವೆಸ್ನೋತ್ ಅಂತ ಒಂದು ಆಟವಿದೆ, 2003ರಿಂದ ಆಸಕ್ತರೇ ಸೇರಿ ಕಟ್ಟುತ್ತಾ ಬಂದಿರುವ ಓಪನ್ ಸೋರ್ಸ್ ಆಟ, ಪೂರ್ತಿ ಉಚಿತ, ಹಳೆಯ ಆಫೀಸ್ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಎ ಟೇಲ್ ಆಫ್ ಟೂ ಬ್ರದರ್ಸ್ ಅನ್ನುವ ಚಿಕ್ಕ ಕಥೆ ಇದೆ, ನಾಲ್ಕೇ ಕಾಳಗ, ಹೊಸಬರಿಗಂತಲೇ ಮಾಡಿದ್ದು. ಆಡುವಾಗ ಮೂಲೆಯಲ್ಲಿ ಹಗಲು ರಾತ್ರಿಯ ಗುರುತು ನೋಡುತ್ತಿರಿ. ಮನುಷ್ಯರ ಪಡೆಯಲ್ಲಿ ಹೆಚ್ಚಿನವರು ಹಗಲಿನಲ್ಲಿ ಶೇ 25 ಜಾಸ್ತಿ ಬಲವಾಗಿ ಹೊಡೆಯುತ್ತಾರೆ, ರಾತ್ರಿ ಅಷ್ಟೇ ಕಡಿಮೆ. ಓರ್ಕ್ ಅನ್ನುವ ರಾಕ್ಷಸರದ್ದು ಇದಕ್ಕೆ ಉಲ್ಟಾ. ಅಂದರೆ ರಾತ್ರಿ ಬಂದಾಗ ಹಿಂದೆ ಸರಿದು ಹಳ್ಳಿಯಲ್ಲಿ ಕೂತು ಗಾಯ ವಾಸಿಮಾಡಿಕೊಂಡು, ಬೆಳಗಾದ ಮೇಲೆ ಮುಂದೆ ನುಗ್ಗಬೇಕು. ಈ ಒಂದು ನಿಯಮ ತಲೆಗೆ ಹತ್ತಿದರೆ ಸಾಕು, "ಯಾವಾಗ ಹೊಡೆಯಬಾರದು" ಅನ್ನುವುದೂ ಆಟವೇ ಅಂತ ಗೊತ್ತಾಗುತ್ತದೆ.

ಶೂಟರ್‌ನಲ್ಲಿ ಕಲಿತದ್ದನ್ನು ಮರೆಯಬೇಡಿ

ಟರ್ನ್ ಬೇಸ್ಡ್ ಆಟಕ್ಕೆ ಬೇರೆಯೇ ತಲೆ ಬೇಕು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೌಂಟರ್ ಸ್ಟ್ರೈಕ್ ಸರಿಯಾಗಿ ಆಡಿದವರಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ.

ಯೋಚಿಸಿ ನೋಡಿ. ಮೊದಲ ರೌಂಡಿಗೆ ಗನ್ ಕೊಳ್ಳಲು ಆಟದ ದುಡ್ಡು 800 ಡಾಲರ್ ಕೈಯಲ್ಲಿ. ಸೋತ ಮೇಲೆ ಯಾರೋ ಒಬ್ಬ "ಈ ರೌಂಡ್ ಯಾರೂ ಏನೂ ತಗೋಬೇಡ್ರೋ, ದುಡ್ಡು ಉಳ್ಸಿ" ಅಂತ ಕೂಗುತ್ತಾನೆ. ದೂರದಿಂದ ಗುರಿಯಿಟ್ಟು ಹೊಡೆಯುವ ಎಡಬ್ಲ್ಯೂಪಿ ಗನ್ 4750 ಡಾಲರ್, ಅದಕ್ಕಾಗಿ ಇಡೀ ಒಂದು ರೌಂಡನ್ನು ಬಿಟ್ಟುಕೊಡುತ್ತೀರಿ. ಈಗ ಕಳೆದುಕೊಂಡು ಮುಂದೆ ಗಳಿಸುವ ಲೆಕ್ಕ ಅದು. ಎಲ್ಲ ಸ್ಟ್ರಾಟಜಿ ಆಟಗಳ ಬುಡದಲ್ಲಿರುವುದೂ ಇದೇ ಲೆಕ್ಕ. ಡಸ್ಟ್ 2 ಮ್ಯಾಪಿನಲ್ಲಿ ಲಾಂಗ್ ಅನ್ನುವ ಉದ್ದ ದಾರಿಯ ಕಡೆ ಗನ್ ಗುರಿ ಹಿಡಿದು, ಬಂದವನನ್ನು ಹೊಡೆಯಲು ಕಾದು ಕೂತಿದ್ದೀರಲ್ಲ? ಎಕ್ಸ್‌ಕಾಮ್ ಅನ್ನುವ, ಸೈನಿಕರ ತಂಡ ನಡೆಸುವ ಟರ್ನ್ ಬೇಸ್ಡ್ ಆಟದಲ್ಲಿ ಅದಕ್ಕೆ ಓವರ್‌ವಾಚ್ ಅನ್ನುತ್ತಾರೆ: ಸೈನಿಕನನ್ನು ಹಾಗೆ ಕೂರಿಸಿ ಟರ್ನ್ ಮುಗಿಸಿದರೆ, ಶತ್ರುವಿನ ಸರದಿಯಲ್ಲಿ ಕಣ್ಣ ಮುಂದೆ ಓಡಿದವನಿಗೆ ಗುಂಡು ಹಾರಿಸುತ್ತಾನೆ. ಗೋಡೆಯ ಮರೆ, ಪಕ್ಕದಿಂದ ಸುತ್ತಿ ಬರುವುದು ಎಲ್ಲ ಅದೇ. ಅರ್ಧ ಮರೆಯಲ್ಲಿದ್ದವನಿಗೆ ಹೊಡೆಯುವಾಗ ಗುಂಡು ತಾಗುವ ಸಾಧ್ಯತೆ ಶೇಕಡಾ ಲೆಕ್ಕದಲ್ಲಿ 20 ಅಂಕ ಇಳಿಯುತ್ತದೆ, ಪೂರ್ತಿ ಮರೆಯಾದರೆ 40. ಪಕ್ಕದಿಂದ ಹೋದರೆ ಆ ಮರೆ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಕೈ ಯೋಚಿಸದೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಅಂಕಿಯಲ್ಲಿ ಬರೆದಿಟ್ಟಿದ್ದಾರೆ.

ಬದಲಾಗುವುದು ಒಂದೇ. ಶೂಟರ್‌ನಲ್ಲಿ ಎಷ್ಟು ಬೇಗ ಅನ್ನುವುದು ಮುಖ್ಯ. ಇಲ್ಲಿ ಟರ್ನ್ ಮುಗಿಸುವ ಬಟನ್ ಒತ್ತುವ ಮುಂಚೆ ಕೈ ತಡೆದು "ಈಗ ಅವನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ?" ಅಂತ ಕೇಳಿಕೊಳ್ಳಬೇಕು. ಪ್ರತಿ ಸಲವೂ. ಮೊದಮೊದಲು ಇದು ನಿಧಾನ ಅನಿಸುತ್ತದೆ, ಕೆಲವು ದಿನಗಳಲ್ಲಿ ತಾನಾಗಿಯೇ ಬರುತ್ತದೆ. ಹಾಗೆ ಕೇಳಿಕೊಂಡ ಮೇಲೆ ಎದುರಾಳಿಯ ಸರದಿ ಖಾಲಿ ಸಮಯವಾಗಿ ಉಳಿಯುವುದಿಲ್ಲ, ಯಾಕೆಂದರೆ ನೀವು ಊಹಿಸಿದ್ದು ನಿಜವಾಗುತ್ತಾ ಅಂತ ನೋಡುತ್ತಿರುತ್ತೀರಿ. ಅಜ್ಜಿ ಮನೆಯಲ್ಲಿ ಚೌಕಾಬಾರ ಆಡುವಾಗ ಇನ್ನೊಬ್ಬರು ಕವಡೆ ಹಾಕುವ ಹೊತ್ತಿಗೆ ಯಾರಿಗೂ ಆಕಳಿಕೆ ಬರುತ್ತಿರಲಿಲ್ಲ, ಅಲ್ವಾ? ಅವರಿಗೆ ಎಷ್ಟು ಬೀಳುತ್ತದೆ ಅನ್ನುವುದರ ಮೇಲೆ ನಮ್ಮ ಕಾಯಿ ಉಳಿಯುತ್ತಾ ಹೋಗುತ್ತಾ ಅನ್ನುವುದು ನಿಂತಿತ್ತು. ಅದೇ ಗಮನವನ್ನು ಇಲ್ಲಿಗೂ ತನ್ನಿ.

ಶೇ 85 ಅಂದರೆ ಎಷ್ಟು

ಅದೃಷ್ಟದ ಮೇಲಿನ ಸಿಟ್ಟಿಗೆ ಸ್ವಲ್ಪ ಲೆಕ್ಕ ಗೊತ್ತಿದ್ದರೆ ಸಾಕು. ಶೇ 85 ತಾಗುವ ಗುಂಡನ್ನು ಐದು ಸಲ ಹಾರಿಸಿದರೆ ಐದೂ ತಾಗುವ ಸಾಧ್ಯತೆ ಶೇ 44ರಷ್ಟು ಮಾತ್ರ. ಅಂದರೆ ಒಂದಾದರೂ ತಪ್ಪುವುದೇ ಹೆಚ್ಚು ಸಹಜ. ಎಕ್ಸ್‌ಕಾಮ್ ಮೋಸ ಮಾಡುತ್ತದೆ ಅಂತ ಬೈಯುವವರು ತುಂಬಾ ಜನ, ಆದರೆ ಸುಲಭದ ಮಟ್ಟಗಳಲ್ಲಿ ಆ ಆಟ ಗುಟ್ಟಾಗಿ ಆಡುವವರ ಕಡೆಗೇ ವಾಲುತ್ತದೆ.

ಹಾಗಾಗಿ "ಇದು ತಪ್ಪಿದರೆ ಏನು ಮಾಡಲಿ" ಅಂತ ಗುಂಡು ಹಾರಿಸುವ ಮುಂಚೆಯೇ ಯೋಚಿಸಿ. ಗ್ರೆನೇಡ್ ಗುರಿ ತಪ್ಪುವುದಿಲ್ಲ, ಅದನ್ನು ಮೊದಲು ಎಸೆದು ಮರೆ ಒಡೆದು ಆಮೇಲೆ ಗುಂಡು ಹೊಡೆಯಬಹುದು. ಒಬ್ಬ ಸೈನಿಕನನ್ನು ಕೊನೆಗೆ ಉಳಿಸಿಕೊಂಡು, ಉಳಿದವರದ್ದು ಏನಾಯಿತು ಅಂತ ನೋಡಿ ಅವನನ್ನು ನಡೆಸಬಹುದು. ಇಷ್ಟೆಲ್ಲ ಆದರೂ ಅದೃಷ್ಟ ಆಗಿಬರದಿದ್ದರೆ ಎಕ್ಸ್‌ಕಾಮ್ ಪಕ್ಕಕ್ಕಿಟ್ಟು ಮೇಲೆ ಹೇಳಿದ ಇನ್‌ಟು ದ ಬ್ರೀಚ್‌ಗೇ ಹೋಗಿ. ಅಲ್ಲಿ ನಿಮ್ಮ ಏಟು ತಪ್ಪುವುದೇ ಇಲ್ಲ.

ಸೆಟ್ಟಿಂಗ್, ದುಡ್ಡು, ಹೊತ್ತು

ಸುಲಭದ ಮಟ್ಟದಲ್ಲೇ ಶುರು ಮಾಡಿ. ಶೂಟರ್‌ನಲ್ಲಿ ನೀವು ಎಷ್ಟೇ ದೊಡ್ಡ ಆಟಗಾರರಾಗಿದ್ದರೂ ಇಲ್ಲಿ ಹೊಸಬರು, ಅದರಲ್ಲಿ ತಪ್ಪೇನೂ ಇಲ್ಲ. ಅನಿಮೇಷನ್ ವೇಗ ಹೆಚ್ಚಿಸುವ ಆಯ್ಕೆಯನ್ನು ಮೊದಲ ದಿನವೇ ಹುಡುಕಿ ಹಾಕಿಕೊಳ್ಳಿ. ಈ ಆಟಗಳು ನಿಧಾನ ಅನ್ನುವ ದೂರಿನಲ್ಲಿ ದೊಡ್ಡ ಪಾಲು ಅಲ್ಲೇ ಕರಗಿಹೋಗುತ್ತದೆ. ಸೇವ್ ಮಾಡಿ ಹಿಂದಕ್ಕೆ ಹೋಗುವ ಬಗ್ಗೆ ಜನ ತುಂಬಾ ವಾದ ಮಾಡುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ನಿಯಮ ಕಲಿಯುವವರೆಗೂ ಧಾರಾಳವಾಗಿ ಮಾಡಿ, ಕಲಿತ ಮೇಲೆ ಬಿಟ್ಟುಬಿಡಿ. ಸೋಲು ಹಾಗೇ ಉಳಿದರೆ ಮಾತ್ರ ಮುಂದಿನ ನಿರ್ಧಾರಕ್ಕೆ ತೂಕ ಬರುತ್ತದೆ.

ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆ ದಾಟುವ ಮುಂಚೆ ರೀಫಂಡ್ ಕೇಳಬಹುದು. ಆ ಎರಡು ಗಂಟೆಯನ್ನು ಕಥೆಯ ದೃಶ್ಯ ನೋಡುತ್ತಾ ಕಳೆಯಬೇಡಿ, ಎರಡು ಮೂರು ನಿಜವಾದ ಕಾಳಗ ಆಡಿ ನೋಡಿ. ಆಟವನ್ನು ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ, ನೆನಪಿರಲಿ.

ಇನ್ನು ಹೊತ್ತಿನ ವಿಷಯ. ನಮ್ಮ ಊರಿಗೆ ಈ ಬಗೆಯ ಆಟ ಹೇಳಿ ಮಾಡಿಸಿದ ಹಾಗಿದೆ. ಸಂಜೆ ಮಳೆ ಬಂದು ಕರೆಂಟ್ ಹೋದರೆ ಶೂಟರ್‌ನ ಆನ್‌ಲೈನ್ ರ‍್ಯಾಂಕ್ಡ್ ಮ್ಯಾಚ್ ಅಲ್ಲಿಗೇ ಮುಗಿಯಿತು, ಟೀಮಿನವರ ಬೈಗುಳ ಬೇರೆ. ಒಬ್ಬರೇ ಆಡುವ ಟರ್ನ್ ಬೇಸ್ಡ್ ಆಟದಲ್ಲಿ ಆಟೋಸೇವ್ ಇರುತ್ತದೆ, ಜಾಸ್ತಿ ಅಂದರೆ ಒಂದು ಟರ್ನ್ ಹೋಗುತ್ತದೆ. ಅಮ್ಮ ಕರೆದರೆ, ಕೊರಿಯರ್‌ನವರು ಬಂದರೆ, ಎದ್ದು ಹೋಗಿ ಬಂದರೂ ಆಟ ಅಲ್ಲೇ ಕಾಯುತ್ತಿರುತ್ತದೆ. ಮೆಟ್ರೊದಲ್ಲಿ ಓಡಾಡುವವರು ಫೋನಿಗೆ ದ ಬ್ಯಾಟಲ್ ಆಫ್ ಪಾಲಿಟೋಪಿಯ ಹಾಕಿಕೊಳ್ಳಿ, ನೀವು ನಡೆಸುವ ಬುಡಕಟ್ಟುಗಳಲ್ಲಿ ಶುರುವಿನವು ಉಚಿತ, ಪರ್ಫೆಕ್ಷನ್ ಅನ್ನುವ ಬಗೆಯಲ್ಲಿ 30 ಟರ್ನ್‌ಗೆ ಆಟ ಮುಗಿದುಹೋಗುತ್ತದೆ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್ ಕಡೆ ಬರುವವರಿಗೆ ಸರಿಯಾದ ಅಳತೆ. ಕಬ್ಬನ್ ಪಾರ್ಕ್ ಹತ್ತಿರ ರೈಲು ನೆಲದಡಿ ಇಳಿದಾಗ ನೆಟ್ ಹೋದರೂ ಇದಕ್ಕೆ ಏನೂ ಆಗುವುದಿಲ್ಲ.

ಇಷ್ಟಪಡುವವರ ಪಕ್ಕ ಕೂರಿ

ನನ್ನ ಪ್ರಕಾರ ಎಲ್ಲಕ್ಕಿಂತ ಬೇಗ ಮನಸ್ಸು ಬದಲಾಗುವುದು ಹೀಗೆ. ಈ ಆಟಗಳ ಹುಚ್ಚಿರುವ ಗೆಳೆಯರು ಒಬ್ಬರಾದರೂ ನಿಮಗಿರುತ್ತಾರೆ. ಅವರು ಆಡುವಾಗ ಪಕ್ಕದಲ್ಲಿ ಕೂತು, ತಲೆಯಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳಲು ಕೇಳಿ. ಸುಮ್ನೆ ನೋಡಿದರೆ ಕಾಯಿ ಸರಿಯುವುದಷ್ಟೇ ಕಾಣುತ್ತದೆ. "ಮಗಾ, ಆ ಬಿಲ್ಲಿನವನನ್ನ ಯಾಕೆ ಹಿಂದಕ್ಕೆ ಎಳ್ಕೊಂಡೆ?" ಅಂತ ಕೇಳಿದರೆ, "ಅವನು ಅಲ್ಲಿದ್ರೆ ನಾಳೆ ಕುದುರೆ ಬಂದು ಗುದ್ದುತ್ತೆ, ಇಲ್ಲಿದ್ರೆ ಕುದುರೆ ಕಾಡೊಳಗೆ ಬರ್ಬೇಕು, ಕಾಡಲ್ಲಿ ಅದಕ್ಕೆ ಏಟು ಜಾಸ್ತಿ ಬೀಳುತ್ತೆ" ಅಂತ ಉತ್ತರ ಬರುತ್ತದೆ. ಅಷ್ಟು ಹೊತ್ತು ಖಾಲಿ ಕಂಡ ಮ್ಯಾಪಿನಲ್ಲಿ ಆಗ ಕಾಡು, ಹೊಳೆ, ಗುಡ್ಡ ಎಲ್ಲಕ್ಕೂ ಅರ್ಥ ಬರುತ್ತದೆ. ಆಮೇಲೆ ನೀವು ಆಡಿ, ಅವರು ನೋಡಲಿ. ಆದರೆ ನೀವು ಕೇಳುವವರೆಗೂ ಸಲಹೆ ಕೊಡಬಾರದು ಅಂತ ಮೊದಲೇ ಮಾತು ತೆಗೆದುಕೊಳ್ಳಿ. ಪಕ್ಕದಲ್ಲಿ ಕೂತು "ಅಲ್ಲಲ್ಲ, ಆ ಕಡೆ" ಅನ್ನುವವರಿಂದ ಈ ಆಟಗಳ ರುಚಿ ಪೂರ್ತಿ ಕೆಡುತ್ತದೆ. ಯೋಚನೆ ನಿಮ್ಮದಾಗಿರಬೇಕು.

ಸಣ್ಣ ಆಟ ಹಿಡಿಸಿದ ಮೇಲೆ ದೊಡ್ಡದಕ್ಕೆ ಹೋಗಬಹುದು. ಊರು ಕಟ್ಟಿ ನಾಗರಿಕತೆ ಬೆಳೆಸುವ ಸಿವಿಲೈಜೇಶನ್ 6 ಆಡುವುದಾದರೆ ಸ್ಟಾಂಡರ್ಡ್ ವೇಗದಲ್ಲಿ 500 ಟರ್ನ್, ಅದು ಸದ್ಯಕ್ಕೆ ಬೇಡ. ಆನ್‌ಲೈನ್ ಅನ್ನುವ ವೇಗ ಆರಿಸಿದರೆ ಟರ್ನ್ ಅರ್ಧಕ್ಕೆ ಇಳಿಯುತ್ತದೆ. ಮ್ಯಾಪ್ ತೀರಾ ಚಿಕ್ಕದಿರಲಿ, ಎದುರಾಳಿಗಳು ಒಬ್ಬರೋ ಇಬ್ಬರೋ ಸಾಕು. ಮೊದಲ ಆಟದಲ್ಲಿ ಗೆಲ್ಲುವ ಯೋಚನೆ ಬಿಟ್ಟು ಮೂರು ನಾಲ್ಕು ಊರು ಕಟ್ಟಿ ನೋಡಿ.

ಎರಡು ಮೂರು ಬೇರೆ ಬೇರೆ ಬಗೆಯವನ್ನು ಮನಸ್ಸಿಟ್ಟು ಆಡಿದ ಮೇಲೂ ಹಿಡಿಸದಿದ್ದರೆ ಬಿಡಿ, ಬಲವಂತ ಬೇಡ. ಆದರೆ ಯೋಜನೆ ಹಾಕುವುದು ಇಷ್ಟವಾಗಿ, ಸರದಿ ಕಾಯುವುದು ಮಾತ್ರ ಕಷ್ಟವಾದರೆ ಇನ್‌ಟು ದ ಬ್ರೀಚ್ ಮಾಡಿದ ತಂಡವೇ 2012ರಲ್ಲಿ ತಂದ ಎಫ್‌ಟಿಎಲ್ ಆಡಿ ನೋಡಿ. ಅದರಲ್ಲಿ ಬಾಹ್ಯಾಕಾಶ ಹಡಗಿನ ಕಾಳಗ ನಿಲ್ಲದೆ ನಡೆಯುತ್ತದೆ, ಯೋಚಿಸಬೇಕು ಅನಿಸಿದಾಗ ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ, ಯಾರು ಬೆಂಕಿ ಆರಿಸಬೇಕು, ಯಾರು ಗನ್ ಹತ್ತಿರ ನಿಲ್ಲಬೇಕು ಅಂತ ಹೇಳಿ, ಮತ್ತೆ ಒತ್ತಿದರೆ ಕಾಳಗ ಮುಂದುವರಿಯುತ್ತದೆ.