ಸೂಪರ್‌ಹೀರೋ ಕಥೆ ಕಟ್ಟುವುದು ಹೇಗೆ: ಶಕ್ತಿಗಿಂತ ಮೊದಲು ಅದರ ಬೆಲೆ

ಸೂಪರ್‌ಹೀರೋ ಕಥೆ ಬರೆಯಲು ಕೂತವರು ಮೊದಲು ಮಾಡುವುದು ಶಕ್ತಿಗಳ ಪಟ್ಟಿ. ಹಾರುತ್ತಾನೆ, ಗೋಡೆ ಒಡೆಯುತ್ತಾನೆ, ಮಾಯವಾಗುತ್ತಾನೆ. ನಾನು ಬೇಸಿಗೆ ಶಿಬಿರಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಕಾಮಿಕ್ಸ್ ಬರೆಯುವುದನ್ನು ಹೇಳಿಕೊಡುತ್ತೇನೆ. ಅಲ್ಲಿ ಆ ಪಟ್ಟಿಯನ್ನು ಪಕ್ಕಕ್ಕಿಡಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಶಕ್ತಿ ಬಂದದ್ದರಿಂದ ಇವನು ಏನು ಕಳೆದುಕೊಂಡ? ಉತ್ತರ ಸಿಕ್ಕವರು ಮಾರನೇ ದಿನ ಕಥೆ ತರುತ್ತಾರೆ, ಸಿಗದವರು ಚಿತ್ರ ಮಾತ್ರ ತರುತ್ತಾರೆ.

ಮುಖವಾಡ, ಬಣ್ಣದ ಉಡುಪು, ಎರಡು ಹೆಸರು, ಸಮಬಲದ ಖಳ, ಸತ್ತು ಬದುಕುವ ನಾಯಕ. ಈ ಕಟ್ಟುಪಾಡುಗಳಲ್ಲಿ ಬಹುತೇಕ ಎಲ್ಲವೂ ಯಾವುದೋ ಒಂದು ತೊಡಕು ಬಿಡಿಸಲು ಬಂದವು. ಯಾವುದು ಏನು ಕೆಲಸ ಮಾಡುತ್ತದೆ ಎಂದು ಗೊತ್ತಿದ್ದವರಿಗೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುತ್ತದೆ.

ಶಕ್ತಿ ಬಂದ ಬಗೆಯನ್ನು ಬೇಗ ಮುಗಿಸಿ

1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೂಪರ್‌ಮ್ಯಾನ್‌ನನ್ನು ಮೊದಲ ಬಾರಿಗೆ ಓದುಗರ ಮುಂದೆ ತಂದಾಗ, ನಾಶವಾದ ಗ್ರಹ, ರಾಕೆಟ್, ಮಗು, ಬೆಳೆದು ದೊಡ್ಡವನಾದದ್ದು ಎಲ್ಲವೂ ಒಂದೇ ಪುಟದಲ್ಲಿ ಮುಗಿದಿತ್ತು. ಬ್ಯಾಟ್‌ಮ್ಯಾನ್ 1939ರಲ್ಲಿ ಬಂದ. ಅವನ ತಂದೆತಾಯಿ ಕಣ್ಣೆದುರೇ ಕೊಲೆಯಾದದ್ದು ಓದುಗರಿಗೆ ಗೊತ್ತಾದದ್ದು ಆರು ತಿಂಗಳ ನಂತರದ ಸಂಚಿಕೆಯಲ್ಲಿ, ಅದೂ ಎರಡು ಪುಟದಲ್ಲಿ. ಮೂಲಕಥೆ ಮೊದಲೇ ಬರಬೇಕೆಂದೇನೂ ಇಲ್ಲ, ಉದ್ದವಾಗಿರಬೇಕೆಂದಂತೂ ಇಲ್ಲವೇ ಇಲ್ಲ.

ಇದಕ್ಕೆ ಒಳ್ಳೆಯ ಅಪವಾದ ಸ್ಪೈಡರ್‌ಮ್ಯಾನ್. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಮಾಡಿದ ಆ ಮೊದಲ ಕಥೆ 11 ಪುಟದ್ದು, ಇಡೀ ಕಥೆಯೇ ಮೂಲಕಥೆ. ಆದರೆ ಗಮನಿಸಿ: ಜೇಡ ಕಚ್ಚುವುದು ಕೆಲವೇ ಚೌಕಗಳಲ್ಲಿ ಮುಗಿಯುತ್ತದೆ. ಉಳಿದ ಜಾಗವೆಲ್ಲ ಆ ಹುಡುಗ ಶಕ್ತಿಯನ್ನು ಏನು ಮಾಡಿದ ಎಂಬುದಕ್ಕೆ ಮೀಸಲು. ದುಡ್ಡು, ಹೆಸರು ಮಾಡಲು ಹೊರಟ. ಎದುರಿಗೇ ಓಡಿಹೋಗುತ್ತಿದ್ದ ಕಳ್ಳನನ್ನು ತನಗೇಕೆ ಎಂದು ಬಿಟ್ಟ. ಅದೇ ಕಳ್ಳ ಅವನ ಬೆನ್ ಅಂಕಲ್‌ನನ್ನು ಕೊಂದ. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರಬೇಕು ಎಂಬ ಮಾತನ್ನು ಆ ಕಥೆಯಲ್ಲಿ ಯಾವ ಪಾತ್ರವೂ ಆಡುವುದಿಲ್ಲ. ಕೊನೆಯ ಚೌಕದ ನಿರೂಪಣೆಯಲ್ಲಿ ಅದು ಬರುತ್ತದೆ, ಹುಡುಗ ಆಗಲೇ ತಲೆ ತಗ್ಗಿಸಿ ನಡೆದುಹೋಗುತ್ತಿರುತ್ತಾನೆ. ಬುದ್ಧಿಮಾತು ಹೇಳಲು ಒಬ್ಬ ಹಿರಿಯನನ್ನು ತಂದು ನಿಲ್ಲಿಸುವ ಆಸೆ ನಿಮಗೆ ಬಂದಾಗ ಈ ಪುಟ ನೆನಪಿಸಿಕೊಳ್ಳಿ.

ನನ್ನ ಅಭ್ಯಾಸ ಇದು: ಮೂಲಕಥೆಯನ್ನು ಎರಡೇ ವಾಕ್ಯದಲ್ಲಿ ಬರೆಯಿಸುತ್ತೇನೆ. ಶಕ್ತಿ ಹೇಗೆ ಬಂತು ಎಂಬುದು ಮೊದಲನೆಯದು, ಅದನ್ನು ಮೊದಲ ಸಲ ಹೇಗೆ ತಪ್ಪಾಗಿ ಬಳಸಿದ ಎಂಬುದು ಎರಡನೆಯದು. ಎರಡನೇ ವಾಕ್ಯ ಮೊದಲನೆಯದಕ್ಕಿಂತ ಉದ್ದವಿರಬೇಕು.

ಗದಗ ಕಡೆಯ ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: ಒಬ್ಬ ಹುಡುಗನಿಗೆ ನೆಲದಡಿಯ ನೀರಿನ ಸದ್ದು ಕೇಳಿಸುತ್ತದೆ. ಬೋರ್‌ವೆಲ್ ಪಾಯಿಂಟ್ ತೋರಿಸು ಎಂದು ಕೇಳಿದ ಮೊದಲ ರೈತನಿಗೆ, ಅವನ ಮುಖ ನೋಡಿ ಇಲ್ಲ ಎನ್ನಲಾರದೆ, ನೀರಿಲ್ಲದ ಕಡೆ ಬೆರಳು ತೋರಿಸಿಬಿಡುತ್ತಾನೆ. ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಶಿಬಿರದಲ್ಲಿ ಓದಿಲ್ಲ. ಸಾಲ ಮಾಡಿ ಕೊರೆಸಿದ ಒಣ ಬೋರ್‌ವೆಲ್ ಏನೆಂದು ಆ ಹುಡುಗಿಗೆ ಗೊತ್ತಿತ್ತು.

ಮಿತಿಯನ್ನು ಮೊದಲೇ ಇಡಿ

1938ರ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ಜಿಗಿಯುತ್ತಿದ್ದ. ಸಿಡಿಯುವ ಫಿರಂಗಿ ಷೆಲ್‌ಗಿಂತ ಕಡಿಮೆಯದು ಯಾವುದೂ ಅವನ ಚರ್ಮ ಸೀಳದು ಎಂದು ಬರೆದಿದ್ದರು. ಷೆಲ್ ಸೀಳೀತು ಎಂದು ಅದರ ಅರ್ಥ. ಆಮೇಲೆ ಹಾರಲು ಕಲಿತ, ಬಲ ಏರುತ್ತಲೇ ಹೋಯಿತು, ಕೊನೆಗೆ ಅವನನ್ನು ಅಪಾಯಕ್ಕೆ ದೂಡಲು ಬರಹಗಾರರಿಗೆ ದಾರಿಯೇ ಉಳಿಯಲಿಲ್ಲ. ಆಗ ನೆರವಿಗೆ ಬಂದದ್ದು ಅವನ ಬಲ ಕುಗ್ಗಿಸುವ ಕಲ್ಲು, ಕ್ರಿಪ್ಟೊನೈಟ್. ಅದು ಮೊದಲು ಬಂದದ್ದು 1943ರ ರೇಡಿಯೊ ಧಾರಾವಾಹಿಯಲ್ಲಿ, ಕಾಮಿಕ್ಸ್‌ಗೆ ಬಂದದ್ದು 1949ರಲ್ಲಿ. ಆರಂಭದಲ್ಲೇ ಮಿತಿ ಇಡದಿದ್ದರೆ ನೀವೂ ಮುಂದೊಂದು ದಿನ ಎಲ್ಲಿಂದಲೋ ಒಂದು ಕಲ್ಲು ತರಬೇಕಾಗುತ್ತದೆ.

ಎಲ್ಲ ಮಿತಿಗಳೂ ಒಂದೇ ಅಲ್ಲ. 1940ರ ನಾಯಕ ಗ್ರೀನ್ ಲ್ಯಾಂಟರ್ನ್‌ನ ಶಕ್ತಿಯ ಉಂಗುರ ಮರದ ಮೇಲೆ ಕೆಲಸ ಮಾಡುತ್ತಿರಲಿಲ್ಲ. ಅದೇ ಹೆಸರಿನ ನಂತರದವನದು ಹಳದಿ ಬಣ್ಣದ ಮೇಲೆ. ಇವು ಆಟದ ನಿಯಮಗಳು, ಕಥೆ ನಡೆಸುತ್ತವೆ, ಆದರೆ ಮನಸ್ಸಿಗೆ ತಟ್ಟುವುದಿಲ್ಲ. ನೀರಿನ ಸದ್ದು ಕೇಳುವ ಹುಡುಗನಿಗೆ ಮಳೆಗಾಲದಲ್ಲಿ ನಿದ್ದೆ ಬರುವುದಿಲ್ಲ, ಕ್ಲಾಸಿನಲ್ಲಿ ಮೇಷ್ಟ್ರ ಮಾತು ಕೇಳಿಸುವುದಿಲ್ಲ. ಶಕ್ತಿಯಿಂದಲೇ ಹುಟ್ಟಿದ ಇಂಥ ಮಿತಿ ನೂರು ಕಲ್ಲುಗಳಿಗೆ ಸಮ.

ಉಡುಪು ಗುರುತಿಗಾಗಿ

ಅಗ್ಗದ ಕಾಗದ, ನಾಲ್ಕೇ ಬಣ್ಣದ ಮುದ್ರಣ, ಪುಟ್ಟ ಚೌಕ. ಅಲ್ಲಿ ಕಣ್ಣು ಒಂದೇ ಕ್ಷಣದಲ್ಲಿ ನಾಯಕನನ್ನು ಗುರುತಿಸಬೇಕಿತ್ತು. ಅದಕ್ಕೇ ಗಾಢ ಕೆಂಪು, ನೀಲಿ, ಎದೆಯ ಮೇಲೊಂದು ಚಿಹ್ನೆ. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಅಚ್ಚಿನಲ್ಲಿ ಆ ಬೂದು ಪುಟದಿಂದ ಪುಟಕ್ಕೆ ಬದಲಾಗುತ್ತಿತ್ತೆಂದು ಎರಡನೇ ಸಂಚಿಕೆಯಿಂದ ಹಸಿರಾದ. ಇಂದ್ರಜಾಲ ಕಾಮಿಕ್ಸ್ ಮೂಲಕ ಕನ್ನಡಕ್ಕೂ ಬಂದ ಫ್ಯಾಂಟಮ್‌ನದು 1936ರ ಹುಟ್ಟು. ಮೈಗಂಟಿದ ಉಡುಪು, ಪಾಪೆ ಕಾಣದ ಮುಖವಾಡದ ಕಣ್ಣು, ಇವೆರಡನ್ನೂ ಮುಂದಿನವರು ಅವನಿಂದ ಪಡೆದರು. ನಿಮ್ಮ ನಾಯಕನನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಬರೆದು, ಒಳಗೆ ಪೂರ್ತಿ ಕಪ್ಪು ತುಂಬಿ. ಆಗಲೂ ಯಾರೆಂದು ಗೊತ್ತಾದರೆ ಉಡುಪು ಸರಿಯಾಗಿದೆ.

ಎರಡು ಹೆಸರು, ಎರಡು ಬದುಕು

ನನಗೆ ಅತಿ ಪ್ರಿಯವಾದ ಕಟ್ಟುಪಾಡು ಇದು, ಈಗಿನವರು ಸುಲಭವಾಗಿ ಕೈಬಿಡುವುದೂ ಇದನ್ನೇ. ಗುಟ್ಟಿನ ಗುರುತು ಇರುವುದು ಶತ್ರುಗಳಿಂದ ಮನೆಯವರನ್ನು ಕಾಯಲು ಎಂದು ಪಾತ್ರಗಳು ಹೇಳುತ್ತವೆ. ಅದು ಪಾತ್ರದ ಕಾರಣ. ಬರಹಗಾರನ ಕಾರಣ ಬೇರೆ: ಕಥೆಯೊಳಗೆ ಬೇರೆಯವರಿಗೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತಿರುತ್ತದೆ. ಸೂಪರ್‌ಮ್ಯಾನ್ ಲೋಕಕ್ಕೆ ಕ್ಲಾರ್ಕ್ ಕೆಂಟ್ ಎಂಬ ಸಾಮಾನ್ಯ ಮನುಷ್ಯ; ಸಹೋದ್ಯೋಗಿ ಲೋಯಿಸ್ ಲೇನ್ ಮೊದಲ ಸಂಚಿಕೆಯಲ್ಲೇ ಅವನನ್ನು ಹೇಡಿ ಎಂದು ತಿರಸ್ಕರಿಸುತ್ತಾಳೆ. ಅವನು ಉತ್ತರ ಕೊಡುವಂತಿಲ್ಲ. ಅವನ ಪರವಾಗಿ ಸಂಕಟಪಡುವವನು ಓದುಗ. ಹೊಡೆದಾಟದ ಇಪ್ಪತ್ತು ಚೌಕಗಳು ಕೊಡದ ನಂಟನ್ನು ಆ ಒಂದು ಮೌನ ಕೊಡುತ್ತದೆ.

ಹಾಗಾಗಿ ಗುಟ್ಟು ಎಲ್ಲಿ ನೋಯಿಸುತ್ತದೆ ಎಂದು ನಿರ್ದಿಷ್ಟವಾಗಿ ಬರೆಯಿರಿ. ಯಾರ ಮದುವೆಗೆ ಹೋಗಲಾಗಲಿಲ್ಲ? ಯಾರ ಹತ್ತಿರ ಸುಳ್ಳು ಹೇಳಿದ? ಆ ಸುಳ್ಳು ಎಷ್ಟು ದಿನ ಬಾಳಿತು?

ಗುಟ್ಟು ಬೇಡವೆಂದರೆ ಬಿಡಬಹುದು. 1961ರ ಫೆಂಟಾಸ್ಟಿಕ್ ಫೋರ್ ತಂಡಕ್ಕೆ ಗುಟ್ಟಿನ ಹೆಸರಿರಲಿಲ್ಲ, ಮೊದಲ ಸಂಚಿಕೆಯಲ್ಲಿ ಉಡುಪೂ ಇರಲಿಲ್ಲ. ಆ ಜಾಗದಲ್ಲಿ ಮನೆಜಗಳ ಇತ್ತು, ಮನುಷ್ಯರೂಪ ಕಳೆದುಕೊಂಡ ಬೆನ್ ಗ್ರಿಮ್‌ನ ದುಃಖ ಇತ್ತು. ಒಂದು ಕಂಬ ತೆಗೆದ ಕಡೆ ಇನ್ನೊಂದನ್ನು ನಿಲ್ಲಿಸಿದ್ದರು.

ಖಳನಿಗೆ ನ್ಯಾಯ ಕೊಡಿ

ಎಕ್ಸ್-ಮೆನ್ ಕಾಮಿಕ್ಸ್‌ನ ಖಳ ಮ್ಯಾಗ್ನೆಟೊ 1963ರಲ್ಲಿ ಬಂದಾಗ ಲೋಕ ಆಳಲು ಹೊರಟ ಸಾಮಾನ್ಯ ದುಷ್ಟ. 1981ರಲ್ಲಿ ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ಅವನಿಗೆ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ನ ನೆನಪು ಕೊಟ್ಟರು. ಅದೇ ಶಕ್ತಿ, ಅದೇ ಹೆಲ್ಮೆಟ್, ಆದರೆ ಅವನ ಭಯಕ್ಕೆ ಈಗ ಕಾರಣವಿದೆ, ಅವನನ್ನು ತಡೆಯುವ, ಎಕ್ಸ್-ಮೆನ್ ತಂಡದ ಗುರು ಪ್ರೊಫೆಸರ್ ಎಕ್ಸ್‌ಗೂ ಸುಲಭದ ಉತ್ತರವಿಲ್ಲ. ನಮ್ಮ ನೆರೆಯ ಮಲಯಾಳಂನಲ್ಲಿ 2021ರಲ್ಲಿ ಬಂದ ಮಿನ್ನಲ್ ಮುರಳಿ ಸಿನಿಮಾ ಇದನ್ನು ಇನ್ನೂ ನೇರವಾಗಿ ಮಾಡಿತು: ಒಂದೇ ರಾತ್ರಿ, ಒಂದೇ ಊರಿನಲ್ಲಿ, ದರ್ಜಿ ಜೈಸನ್‌ಗೂ ಸಿಡಿಲು ಬಡಿಯುತ್ತದೆ, ಊರಿನವರು ತಿರಸ್ಕಾರದಿಂದ ನೋಡುವ ಶಿಬುವಿಗೂ. ಶಕ್ತಿ ಒಂದೇ, ಇಬ್ಬರನ್ನು ಬೇರೆ ಮಾಡಿದ್ದು ಊರು ಅವರನ್ನು ನಡೆಸಿಕೊಂಡ ರೀತಿ ಮತ್ತು ಅವರು ಆರಿಸಿಕೊಂಡ ದಾರಿ.

ನಾಯಕನ ಬಗ್ಗೆ ಒಂದಕ್ಷರ ಬರೆಯುವ ಮೊದಲು ಖಳನ ಬಾಯಿಂದಲೇ ಒಂದು ಪುಟ ಬರೆಯಿರಿ, ಅವನು ಸರಿ ಎಂದು ನೀವೇ ಒಂದು ಕ್ಷಣ ನಂಬುವಂತೆ. ಗದಗದ ಹುಡುಗಿಯ ಕಥೆಯ ಖಳನಿಗೂ ನೀರಿನ ಸದ್ದು ಕೇಳಿಸುತ್ತದೆ. ಅವನು ಟ್ಯಾಂಕರ್ ಮಾಲೀಕ. ನಾನು ಇಲ್ಲದಿದ್ದರೆ ಈ ಬೇಸಿಗೆಯಲ್ಲಿ ನಿಮಗೆ ಕುಡಿಯಲು ಏನಿತ್ತು ಎಂದು ಅವನು ಕೇಳುವ ಪ್ರಶ್ನೆಗೆ ಊರಿನವರ ಬಳಿ ಉತ್ತರವಿಲ್ಲ.

ಊರಿಗೆ ತಕ್ಕ ಶಕ್ತಿ

ಸ್ಪೈಡರ್‌ಮ್ಯಾನ್ ಜೋತಾಡಲು ನ್ಯೂಯಾರ್ಕ್‌ನ ಎತ್ತರದ ಕಟ್ಟಡಗಳು ಬೇಕು. ಅವನನ್ನು ಹೆಂಚಿನ ಮನೆಗಳ ಊರಿಗೆ ತಂದರೆ ನಡೆದೇ ಹೋಗಬೇಕು. ಶಕ್ತಿಯೂ ಊರೂ ಒಟ್ಟಿಗೆ ಹುಟ್ಟಲಿ. ಬಾಲ್ಕನಿಯಿಂದ ಬಾಲ್ಕನಿಗೆ ಜಿಗಿಯುವವನನ್ನು ಬಯಲುಸೀಮೆಯಲ್ಲಿ ಬಿಟ್ಟು ಒದ್ದಾಡಬೇಡಿ.

ಸಾವು, ಕೊಲೆ

1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸೇತುವೆಯಿಂದ ಬೀಳುತ್ತಾಳೆ. ಅವನ ಬಲೆ ಅವಳ ಕಾಲು ಹಿಡಿಯುತ್ತದೆ, ಕುತ್ತಿಗೆಯ ಬಳಿ ಚಿಕ್ಕ ಅಕ್ಷರದಲ್ಲಿ ಏನೋ ಮುರಿದ ಸದ್ದು. ಉಳಿಸಲು ಚಾಚಿದ ಬಲೆಯೇ ಕೊಂದಿತೇ ಎಂಬ ಸಂಶಯ ಅವನ ಬೆನ್ನು ಬಿಡುವುದಿಲ್ಲ. 1992ರಲ್ಲಿ ಸೂಪರ್‌ಮ್ಯಾನ್ ಸತ್ತ, ಅಮೆರಿಕದಲ್ಲಿ ಆ ಸಂಚಿಕೆಗೆ ಜನ ಸಾಲುಗಟ್ಟಿದರು. 1993ರಲ್ಲಿ ಅವನು ಮರಳಿ ಬಂದ. ಎದೆಯಲ್ಲಿ ಉಳಿಯುವ ಸಾವು ಯಾವುದೆಂದು ಹೇಳಬೇಕಿಲ್ಲ. ಯಾರನ್ನಾದರೂ ಕೊಲ್ಲುವುದಿದ್ದರೆ ಆ ಸಾವು ಮುಂದಿನ ಪ್ರತಿ ಪುಟದಲ್ಲೂ ನಾಯಕನ ನಡತೆ ಬದಲಿಸಬೇಕು. ಇಲ್ಲದಿದ್ದರೆ ಕೊಲ್ಲಬೇಡಿ.

ನಾಯಕ ಕೊಲ್ಲುವುದಿಲ್ಲ ಎಂಬ ನಿಯಮ ಮೊದಲಿನಿಂದ ಇದ್ದದ್ದಲ್ಲ. ಆರಂಭದ ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಅಪರಾಧಿಗಳು ಅವನ ಕೈಯಲ್ಲಿ ಸತ್ತದ್ದುಂಟು. 1940ರಲ್ಲಿ ಪ್ರಕಾಶಕರು ಅದಕ್ಕೆ ತಡೆ ಹಾಕಿದರು. ಅಮೆರಿಕದ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಾವಳಿ, 1954ರ ಕಾಮಿಕ್ಸ್ ಕೋಡ್, ಕೆಡುಕಿನ ಮೇಲೆ ಒಳಿತು ಪ್ರತಿ ಸಲವೂ ಗೆಲ್ಲಲೇಬೇಕು ಎಂದಿತು. ಕೊನೆಯ ಪ್ರಕಾಶಕರೂ ಆ ಕೋಡ್ ಕೈಬಿಟ್ಟದ್ದು 2011ರಲ್ಲಿ. ಈಗ ಹೊರಗಿನ ಕಟ್ಟು ಇಲ್ಲ, ಆದ್ದರಿಂದ ನಿಯಮ ನಾಯಕನ ಒಳಗಿನಿಂದ ಬರಬೇಕು. ಯಾಕೆ ಕೊಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿರಲಿ, ಅದರಿಂದ ಒಮ್ಮೆಯಾದರೂ ಅವನಿಗೆ ನಷ್ಟವಾಗಲಿ.

ಮೊದಲ ಕಥೆಯನ್ನು ಎಂಟು ಪುಟಕ್ಕೆ ಕಟ್ಟಿ. ಮೊದಲ ಪುಟದಲ್ಲಿ ನಾಯಕ ಕೆಲಸದ ನಡುವೆಯೇ ಸಿಗಲಿ. ಎರಡನೆಯದರಲ್ಲಿ ಮೂಲಕಥೆಯ ಎರಡು ವಾಕ್ಯ. ಮೂರು, ನಾಲ್ಕು ಮನೆಗೆ ಮತ್ತು ಸುಳ್ಳಿಗೆ. ಐದು ಪೂರ್ತಿ ಖಳನದು. ಹೊಡೆದಾಟಕ್ಕೆ ಆರನೇ ಪುಟ ಒಂದೇ ಸಾಕು. ಏಳರಲ್ಲಿ ನಾಯಕ ಎರಡರಲ್ಲಿ ಒಂದನ್ನು ಆರಿಸಲಿ, ಎಂಟರಲ್ಲಿ ಅದರ ಬೆಲೆ ತೆರಲಿ. ಪೆನ್ಸಿಲ್‌ನಲ್ಲಿ ಎಂಟು ಚೌಕ ಎಳೆದು ಮೊದಲು ಏಳನೆಯದನ್ನು ತುಂಬಿ. ಉಳಿದ ಏಳರಲ್ಲಿ ಏನಿರಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ.