ಮುಚ್ಚಿಹೋದ ಕ್ಯಾಥೊಲಿಕ್ ಹೈಸ್ಕೂಲಿನ ಚರಿತ್ರೆ ಹುಡುಕೋದು ಹೇಗೆ

ಅಮೆರಿಕದ ದೊಡ್ಡ ಸಿಟಿಗಳಲ್ಲಿ ಬಾಗಿಲು ಹಾಕಿರೋ ಕ್ಯಾಥೊಲಿಕ್ ಹೈಸ್ಕೂಲುಗಳು ಬೇಕಾದಷ್ಟಿವೆ, ಆದ್ರೆ ಅವುಗಳ ಬಗ್ಗೆ ಬರೆಯೋರು ಶುರುವಾದ ವರ್ಷ, ಮುಚ್ಚಿದ ವರ್ಷ, ಗೆದ್ದ ಕಪ್ಪುಗಳು ಇಷ್ಟು ಹಾಕಿ ಮುಗಿಸಿಬಿಡ್ತಾರೆ. ಯಾಕೆ ಮುಚ್ತು ಅನ್ನೋದು ಬರೋದೇ ಇಲ್ಲ, ನಂಗೆ ಅದೇ ಬೇಜಾರು.

ಮೊದ್ಲು ಸ್ಕೂಲ್ ನಡೆಸ್ತಿದ್ದಿದ್ದು ಯಾರು ಅಂತ ತಿಳ್ಕೊಳ್ಳಿ. ಒಂದು ಚರ್ಚಿನದಾ, ಇಡೀ ಡಯೋಸಿಸ್‌ದಾ (ಅಂದ್ರೆ ಒಬ್ಬ ಬಿಷಪ್ ಕೈಕೆಳಗಿರೋ ಚರ್ಚುಗಳ ಪ್ರಾಂತ್ಯ), ಇಲ್ಲಾ ಸಿಸ್ಟರ್ಸೋ ಬ್ರದರ್ಸೋ, ಅಂದ್ರೆ ಸನ್ಯಾಸಿನಿಯರೋ ಸನ್ಯಾಸಿಗಳೋ, ಅವರ ಸಭೆಯದಾ (ಸಂಘದ್ದಾ). ಹಳೇ ಕಾಗದಪತ್ರ ಯಾರ ಕೈಗೆ ಹೋಗಿರುತ್ತೆ ಅನ್ನೋದು ಇದರ ಮೇಲೇ ನಿಂತಿರೋದು. ಡಯೋಸಿಸ್‌ದಾದ್ರೆ ಸಾಮಾನ್ಯವಾಗಿ ಬಿಷಪ್ ಕಚೇರಿಯ ಆರ್ಕೈವ್ಸ್, ಸಭೆಯದಾದ್ರೆ ಆ ಸಭೆಯ ಆರ್ಕೈವ್ಸ್, ಅದು ಬೇರೆ ಊರಲ್ಲೂ ಇರಬಹುದು.

ಹೆಸರನ್ನೂ ಕೆದಕಿ ನೋಡಿ. ನ್ಯೂಯಾರ್ಕಿನ ಪವರ್ ಮೆಮೋರಿಯಲ್ ಅಕಾಡೆಮಿ 1931ರಲ್ಲಿ ಶುರುವಾಗಿ 1984ರಲ್ಲಿ ಮುಚ್ಚಿದ್ದು, ಬಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್ ಜಬ್ಬಾರ್ ತನ್ನ ಹಳೇ ಹೆಸರು ಲೂ ಆಲ್ಸಿಂಡರ್ ಇದ್ದಾಗ ಅಲ್ಲೇ ಓದಿ ಆಡಿದ್ದು, ಸ್ಕೂಲ್ ತಂಡ ಸತತ 71 ಮ್ಯಾಚ್ ಗೆದ್ದಿದ್ದು ಎಲ್ರೂ ಹೇಳ್ತಾರೆ. ಆದ್ರೆ ಈ ಪವರ್ ಯಾರು ಅಂತ ಕೇಳಿದ್ರೆ ಆ ಸ್ಕೂಲ್ ನಡೆಸಿದ ಐರಿಶ್ ಕ್ರಿಶ್ಚಿಯನ್ ಬ್ರದರ್ಸ್ ಸಭೆನ ನ್ಯೂಯಾರ್ಕಿಗೆ ಕರೆಸಿಕೊಂಡ, ಅದೇ ಊರಿನ ಹಾರ್ಲೆಮ್ ಬಡಾವಣೆಯ ಪಾದ್ರಿ ಸಿಗ್ತಾರೆ, ಅಲ್ಲಿಂದ ಸ್ಕೂಲ್ ಹುಟ್ಟಿದ ಕಥೆ ತಾನೇ ಬಿಚ್ಚಿಕೊಳ್ಳುತ್ತೆ.

ಆಮೇಲೆ ಇಯರ್‌ಬುಕ್‌ಗಳು, ಅಂದ್ರೆ ಸ್ಕೂಲ್ ವರ್ಷವರ್ಷ ತರೋ ಫೋಟೋ ಪುಸ್ತಕಗಳು, ನನ್ ಪ್ರಕಾರ ಇದಕ್ಕಿಂತ ಒಳ್ಳೆ ಸಾಕ್ಷಿ ಇನ್ನೊಂದಿಲ್ಲ. 1955, 65, 75ರ ಪುಸ್ತಕ ಸಿಕ್ಕಿದ್ರೆ ಮೂರನ್ನೂ ಟೀಚರ್ಸ್ ಫೋಟೋ ಇರೋ ಪುಟಕ್ಕೆ ತೆರೆದು ಪಕ್ಕಪಕ್ಕ ಇಡಿ, ತಲೆಗೆ ಮುಸುಕು ಹಾಕಿದ ಸಿಸ್ಟರ್ಸ್ ಎಷ್ಟು ಜನ, ಕೋಟು ಟೈ ಹಾಕಿದ ಮೇಷ್ಟ್ರು ಎಷ್ಟು ಜನ ಅಂತ ಎಣಿಸಿ. 1965ರ ಸುಮಾರಿಗೆ ಅಮೆರಿಕದಲ್ಲಿ ಅಂದಾಜು 1,80,000 ಸಿಸ್ಟರ್ಸ್ ಇದ್ರು, ಈಗ 40,000ಕ್ಕೂ ಕಮ್ಮಿ. ಅವ್ರು ಪಾಠ ಮಾಡ್ತಿದ್ದಿದ್ದು ಕೈಖರ್ಚಿನಷ್ಟು ದುಡ್ಡಿಗೆ, ಅವರ ಜಾಗಕ್ಕೆ ಬಂದ ಸಂಸಾರಸ್ಥ ಮೇಷ್ಟ್ರಿಗೆ ಪೂರ್ತಿ ಸಂಬಳ ಕೊಡ್ಬೇಕು, ಫೀಸ್ ಏರ್ತು, ಅದೇ ಹೊತ್ತಿಗೆ ಎಷ್ಟೋ ಕುಟುಂಬಗಳು ಸಿಟಿ ಬಿಟ್ಟು ಹೊರವಲಯಕ್ಕೆ ಹೋದ್ವು. ಮುಚ್ಚಿದ ವರ್ಷಕ್ಕಿಂತ ಇಪ್ಪತ್ತು ವರ್ಷ ಹಿಂದೇನೇ ಕಾರಣ ಶುರುವಾಗಿರುತ್ತೆ, ಅಲ್ಲಿಂದ ಬರೆಯಿರಿ.

ಮಕ್ಕಳ ಸಂಖ್ಯೆಗೆ ಆಫೀಶಿಯಲ್ ಕ್ಯಾಥೊಲಿಕ್ ಡೈರೆಕ್ಟರಿ ನೋಡಿ, ಅಮೆರಿಕದ ಕ್ಯಾಥೊಲಿಕ್ ಚರ್ಚು, ಸ್ಕೂಲುಗಳ ಪಟ್ಟಿ ಅದು, ವರ್ಷವರ್ಷ ಬರುತ್ತೆ, ಐದೈದು ವರ್ಷಕ್ಕೊಂದರಂತೆ ಸಾಲಾಗಿ ಬರ್ಕೊಂಡ್ರೆ ಇಳಿದಿದ್ದು ಕಣ್ಣಿಗೆ ಕಾಣುತ್ತೆ. ಕಟ್ಟಡಕ್ಕೆ ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮೆ ಮ್ಯಾಪುಗಳಿವೆ, ಗುಲಾಬಿ ಬಣ್ಣ ಅಂದ್ರೆ ಇಟ್ಟಿಗೆ, ಹಳದಿ ಅಂದ್ರೆ ಮರ, ಬೇಕಾದಷ್ಟು ಮ್ಯಾಪು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಲ್ಲಿ ಫ್ರೀ.

ಹಳೇ ವಿದ್ಯಾರ್ಥಿಗಳ ಹತ್ರ ಮಾತಾಡುವಾಗ ಸ್ಕೂಲ್ ಹೇಗಿತ್ತು ಅಂತ ಕೇಳ್ಬೇಡಿ, ಚೆನ್ನಾಗಿತ್ತು ಅಂದು ಸುಮ್ನಾಗ್ತಾರೆ. ಮುಚ್ತಾರೆ ಅಂತ ಗೊತ್ತಾದ ದಿನ ಎಲ್ಲಿದ್ರಿ, ಯಾರು ಹೇಳಿದ್ರು ಅಂತ ಕೇಳಿ. ಯಾರದೇ ಮಾರ್ಕ್ಸು, ಶಿಕ್ಷೆ ವಿಷಯ ಕೈಗೆ ಸಿಕ್ಕಿದ್ರೂ ಬರೀಬೇಡಿ, ಅದು ಅವರ ಸ್ವಂತದ್ದು.

ಕಟ್ಟಡ ಇನ್ನೂ ನಿಂತಿದ್ರೆ ಇವತ್ತೇ ಫೋಟೋ ತೆಗೆದು ತಾರೀಖು ಹಾಕಿಡಿ, ಅಡಿಗಲ್ಲಿನ ಮೇಲಿರೋ ವರ್ಷ ಓದೋಕೆ ಬರೋ ಹಾಗೆ ಹತ್ತಿರದಿಂದ ಒಂದು ತೆಗೀರಿ. ಪವರ್ ಮೆಮೋರಿಯಲ್ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ.